ಮೊಮ್ಮಕ್ಕಳ ಕೈಯಿಂದಲೇ ಯುಗಾದಿ

ನಮ್ಮ ಶಿರಸಿಯ ಮನೆಗೆ ಮೊಮ್ಮಕ್ಕಳು ಬಂದಿಳಿಯುವುದೇ ಯುಗಾದಿಯ ಹಿಂದಿನ ಸಂಜೆ, ಅದೂ ಪರೀಕ್ಷೆಯ ಪುಸ್ತಕಗಳನ್ನು ಹೊತ್ತುಕೊಂಡು. ಆದ್ದರಿಂದ ಹಿರಿಯರು ಎಲ್ಲವನ್ನೂ ತಾವೇ ಮಾಡಿ ಮುಗಿಸಿ ಮಕ್ಕಳನ್ನು ಊಟಕ್ಕೆ ಕರೆಯುವ ಬದಲು, ಮೂರು ನಾಲ್ಕು ಕೆಲಸಗಳನ್ನು ಅವರಿಗೆಂದೇ ಉಳಿಸಿಕೊಳ್ಳಬೇಕು.

ಮೊದಲನೆಯದು ತೋರಣ. ಒಣಗಿದ ಬಾಳೆಪಟ್ಟೆಯನ್ನು ಅಮಾವಾಸ್ಯೆಯ ಸಂಜೆಯೇ ನೀರಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಅದು ಮೆತ್ತಗಾಗಿ ಉದ್ದುದ್ದ ನಾರಾಗಿ ಸೀಳುತ್ತದೆ. ಮಾವಿನೆಲೆಯ ತೊಟ್ಟಿನ ಕಡೆಯನ್ನು ನಾರಿನ ಮೇಲೆ ಮಡಚಿ, ತೆಂಗಿನ ಹಿಡಿಕಡ್ಡಿಯ ಚೂರಿನಿಂದ ಚುಚ್ಚಿ ನಿಲ್ಲಿಸುವುದನ್ನು ಒಮ್ಮೆ ತೋರಿಸಿದರೆ ಆರು ವರ್ಷದ ಮಗುವೂ ಕಲಿಯುತ್ತದೆ. ಎಲೆಗಳು ಸೊಟ್ಟಗಾದರೆ ತಿದ್ದಲು ಹೋಗಬಾರದು. ತಿದ್ದಿದ ತೋರಣ ಅಜ್ಜಿಯದಾಗುತ್ತದೆ.

ಎಣ್ಣೆಸ್ನಾನದ ಗಲಾಟೆ ಮುಗಿದ ಮೇಲೆ ಬೇವುಬೆಲ್ಲ. ಬೇವಿನ ಮರ ನಮ್ಮ ಮಳೆಸೀಮೆಯಲ್ಲಿ ವಿರಳವಾದ್ದರಿಂದ, ಮುಂಡಗೋಡದ ಕಡೆಯಿಂದ ಬರುವವರಿಗೆ ಮೊದಲೇ ಹೇಳಿಟ್ಟು ಹೂವಿನ ಗೊಂಚಲನ್ನೂ ಚಿಗುರನ್ನೂ ತರಿಸಿಕೊಳ್ಳುವುದು ಒಳ್ಳೆಯದು. ಬಲಿತ ಎಲೆಯನ್ನು ಅರೆದು ಉಂಡೆ ಮಾಡಿ ಕೊಡುವ ತಪ್ಪನ್ನು ನಾನು ಒಂದು ವರ್ಷ ಮಾಡಿದೆ. ಕಿರಿಯವನು ಅದನ್ನು ದೇವರ ಮುಂದಿನ ರಂಗೋಲಿಯ ಮೇಲೆಯೇ ಉಗಿದ. ‘ಶತಾಯುರ್ವಜ್ರದೇಹಾಯ’ ಎಂಬ ಶ್ಲೋಕವೂ ಹೇಳುವುದು ಬೇವಿನ ಚಿಗುರನ್ನೇ. ಹೂವನ್ನು ಬೆರಳುಗಳ ನಡುವೆ ತಿಕ್ಕಿ ಎಸಳುಗಳನ್ನು ಉದುರಿಸುವ ಕೆಲಸವನ್ನು ಮಕ್ಕಳಿಗೇ ಕೊಡಿ. ಒಂದು ಚಿಟಿಕೆ ಹೂವಿಗೆ ಒಂದು ಚಮಚ ಜೋನಿ ಬೆಲ್ಲ (ಗಟ್ಟಿಯಾಗದ, ಪಾಕದಂಥ ಬೆಲ್ಲ) ಸಾಕು. ಅದಕ್ಕಿಂತ ಹೆಚ್ಚು ಸುರಿದರೆ ಕಹಿಯೇ ಮುಳುಗಿಹೋಗಿ, ತಿಂದದ್ದಕ್ಕೆ ಅರ್ಥ ಉಳಿಯುವುದಿಲ್ಲ. ವರ್ಷ ತುಂಬದ ಕೂಸಿಗೆ ಬೇವೂ ಬೇಡ, ಬೆಲ್ಲವೂ ಬೇಡ.

ಅಡಿಗೆಯಲ್ಲಿ ಹೋಳಿಗೆ ದೊಡ್ಡವರದು, ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿ ಮಕ್ಕಳದು. ಬೇಯಿಸಿ ಆರಿಸಿದ ಮಾವಿನಕಾಯಿಯನ್ನು ಕೈಯಲ್ಲಿ ಕಿವುಚುವುದಕ್ಕೆ ಅವರು ಜಗಳವಾಡುತ್ತಾರೆ. ಇಂಗು, ಸಾಸಿವೆಯ ಒಗ್ಗರಣೆಯನ್ನು ಮಾತ್ರ ನೀವು ಹಾಕಿ.

ಪಂಚಾಂಗ ಶ್ರವಣಕ್ಕೆ ಮಕ್ಕಳು ಕೂರುವುದಿಲ್ಲ ಎಂಬ ದೂರಿಗೆ ನನ್ನ ಉಪಾಯವೊಂದಿದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದು ಬೆರಳು ಮಡಚಿಸಿದ ಮೇಲೆ ಸಂವತ್ಸರದ ಲೆಕ್ಕ ಕೊಡಿ. ಸಂವತ್ಸರಗಳು ಅರವತ್ತು, 2026ರ ಯುಗಾದಿಯಿಂದ ನಡೆಯುವುದು ಪರಾಭವ, ಅದರ ಹಿಂದಿನ ಪರಾಭವ ಬಂದದ್ದು 1966ರಲ್ಲಿ. ಆ ವರ್ಷದ ಯುಗಾದಿಯ ನಂತರ ಹುಟ್ಟಿದ ಅಜ್ಜನಿಗೆ ತನ್ನದೇ ಸಂವತ್ಸರ ತಿರುಗಿ ಬಂದಿದೆ ಎಂದರೆ ಮಕ್ಕಳು ತಮ್ಮದು ಯಾವುದು, ಅದು ಮತ್ತೆ ಯಾವಾಗ ಬರುತ್ತದೆ ಎಂದು ತಾವೇ ಎಣಿಸತೊಡಗುತ್ತಾರೆ.

ಸಾಧ್ಯವಾದರೆ ಅವರನ್ನು ಮರುದಿನ ಸಂಜೆಯವರೆಗೂ ಉಳಿಸಿಕೊಳ್ಳಿ, ಏಕೆಂದರೆ ಬಿದಿಗೆಯ ಚಂದ್ರನನ್ನು ನೋಡದೆ ಹಬ್ಬ ಮುಗಿಯುವುದಿಲ್ಲ. ಕಾರವಾರದವರಿಗೆ ಕಡಲದಂಡೆಯಲ್ಲಿ ಪಡುವಣ ಬಾನು ತೆರೆದೇ ಇರುತ್ತದೆ. ಅಡಿಕೆ ತೋಟದ ತಗ್ಗಿನಲ್ಲಿರುವ ನಾವು ಸೂರ್ಯ ಮುಳುಗುವ ಮೊದಲೇ ಬ್ಯಾಣಕ್ಕೆ, ಅಂದರೆ ತೋಟದ ಮೇಲಿನ ಹುಲ್ಲುಗುಡ್ಡಕ್ಕೆ, ಹತ್ತಿ ನಿಂತಿರಬೇಕು. ಉಗುರಿನಷ್ಟು ತೆಳ್ಳಗಿನ ಆ ಗೆರೆ ಬೇಗನೆ ಇಳಿದುಹೋಗುತ್ತದೆ. ಕನ್ನಡಕದ ನಮಗಿಂತ ಮೊದಲು ಮಕ್ಕಳಿಗೇ ಅದು ಕಾಣುತ್ತದೆ. ಅವರು ತೋರಿಸಿದತ್ತ ನಾವು ಕೈಮುಗಿಯುತ್ತೇವೆ, ಆಮೇಲೆ ಅವರು ನಮ್ಮ ಕಾಲಿಗೆ ಬೀಳುತ್ತಾರೆ.