ವಲಸೆ ಹೋದ ಬ್ಯಾಪ್ಟಿಸ್ಟ್ ಪಾಸ್ಟರ್ ಒಬ್ಬರ ಜೀವನ ಬರೆಯಬೇಕಾ? ಹೀಗೆ ಹುಡುಕಿ

ಬ್ಯಾಪ್ಟಿಸ್ಟರು ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ. ಅವರ ಪಾಸ್ಟರುಗಳ, ಅಂದರೆ ಪಾದ್ರಿಗಳ, ಬಗ್ಗೆ ಸುಲಭಕ್ಕೆ ಸಿಗುವ ಬರಹದಲ್ಲಿ ಹೊಗಳಿಕೆಯೇ ಜಾಸ್ತಿ. ಅದನ್ನು ನೆಚ್ಚಿಕೊಳ್ಳಬೇಡಿ, ದಾಖಲೆ ಹುಡುಕಿ. ಔಗುಸ್ಟ್ ರೌಶೆನ್‌ಬುಷ್ ಅವರನ್ನೇ ತೆಗೆದುಕೊಳ್ಳೋಣ. 1816ರಲ್ಲಿ ಜರ್ಮನಿಯ ಆಲ್ಟೆನಾದಲ್ಲಿ ಹುಟ್ಟಿದವರು, ಮೊದಲು ಲೂಥರನ್ ಅನ್ನುವ ಬೇರೆ ಪಂಗಡದ ಪಾದ್ರಿ. 1846ರಲ್ಲಿ ಅಮೆರಿಕಕ್ಕೆ ಹೋದರು, ಅಲ್ಲಿನ ಜರ್ಮನ್ ವಲಸಿಗರ ನಡುವೆ ಕೆಲಸ ಮಾಡುತ್ತಾ 1850ರಲ್ಲಿ ಬ್ಯಾಪ್ಟಿಸ್ಟ್ ಆದರು, 1858ರಿಂದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಸೆಮಿನರಿಯ (ಪಾಸ್ಟರುಗಳನ್ನು ತಯಾರು ಮಾಡುವ ಕಾಲೇಜು) ಜರ್ಮನ್ ವಿಭಾಗದಲ್ಲಿ ಮೂರು ದಶಕ ಪಾಠ ಹೇಳಿದರು.

ಮೊದಲ ತೊಡಕು ಹುಟ್ಟಿನದ್ದು. ಬ್ಯಾಪ್ಟಿಸ್ಟರು ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಹಾಗಾಗಿ ಅವರ ಸಭೆಯ, ಅಂದರೆ ಒಂದು ಚರ್ಚಿನ ಸದಸ್ಯರ ಕೂಟದ, ಪುಸ್ತಕದಲ್ಲಿ ಹಸುಗೂಸಿನ ಹೆಸರು ಹುಡುಕಿ ಪ್ರಯೋಜನವಿಲ್ಲ, ದೊಡ್ಡವರಾಗಿ ನೀರಿಗಿಳಿದು ದೀಕ್ಷಾಸ್ನಾನ ಪಡೆದ ದಿನ ಮಾತ್ರ ಸಿಗಬಹುದು. ರೌಶೆನ್‌ಬುಷ್ ಅವರಂತೆ ಬೇರೆ ಪಂಗಡದಿಂದ ಬಂದವರಾದರೆ ಹುಟ್ಟೂರಿನ ಹಳೇ ಚರ್ಚಿನ ರಿಜಿಸ್ಟರ್ ನೋಡಿ.

ಎರಡನೆಯದು ಇನ್ನೂ ಮುಖ್ಯ. ಬ್ಯಾಪ್ಟಿಸ್ಟರಲ್ಲಿ ಎಲ್ಲ ಸಭೆಗಳ ಮೇಲೆ ಕೂತ ಬಿಷಪ್ ಇಲ್ಲ, ಅವರ ಕಚೇರಿಯೂ ಇಲ್ಲ. ಪಾಸ್ಟರನ್ನು ಕರೆಯುವುದು, ಬೇಡವಾದರೆ ಕಳಿಸುವುದು ಎಲ್ಲಾ ಆಯಾ ಸಭೆಯವರೇ ಕೂತು ತೀರ್ಮಾನಿಸುತ್ತಾರೆ, ಅದು ಆ ಸಭೆಯ ನಡಾವಳಿ ಪುಸ್ತಕದಲ್ಲೇ ಇರುತ್ತದೆ. ನಿಜವಾದ ಕಥೆ ಇರೋದೇ ಅಲ್ಲಿ: ಸಂಬಳದ ಚರ್ಚೆ, ಜಗಳ, ರಾಜೀನಾಮೆ. ಸುತ್ತಲಿನ ಸಭೆಗಳ ಒಕ್ಕೂಟ ಅಚ್ಚು ಹಾಕಿಸುತ್ತಿದ್ದ ವಾರ್ಷಿಕ ವರದಿಯನ್ನೂ ಬಿಡಬೇಡಿ. ಯಾವ ವರ್ಷ ಯಾರು ಎಲ್ಲಿದ್ದರು ಅಂತ ಅದರಿಂದ ಪಟ್ಟಿ ಮಾಡಬಹುದು. ಮೇಷ್ಟ್ರಾಗಿದ್ದವರಾದರೆ ಸೆಮಿನರಿಯ ಕ್ಯಾಟಲಾಗ್‌ಗಳೂ ಬೇಕು.

ಇನ್ನು ಹಡಗು, ಜನಗಣತಿ. ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣಾ ಕೇಂದ್ರ ಎಲ್ಲಿಸ್ ದ್ವೀಪ ತೆರೆದದ್ದೇ 1892ರಲ್ಲಿ, ಅದಕ್ಕಿಂತ ಮುಂಚೆ ಹೋದವರನ್ನು ಅಲ್ಲಿ ಹುಡುಕಬೇಡಿ. 1820ರಿಂದಲೇ ಹಡಗಿನ ಪಟ್ಟಿಗಳಿವೆ. ಅಮೆರಿಕದ ಜನಗಣತಿ 1850ರಿಂದ ಮನೆಯವರ ಹೆಸರು ಬರೆಯುತ್ತದೆ. 1890ರದ್ದು ಬಹುತೇಕ ಇಲ್ಲ, 1921ರ ಬೆಂಕಿಗೆ ಹಾಳಾಯಿತು. 1900ರದ್ದು ವಲಸೆ ಬಂದ ವರ್ಷವನ್ನೂ ಕೇಳುತ್ತದೆ, ಆದರೆ ರೌಶೆನ್‌ಬುಷ್ ಆ ಹೊತ್ತಿಗೆ ಇರಲಿಲ್ಲ, ಜರ್ಮನಿಗೆ ಮರಳಿ 1899ರಲ್ಲಿ ತೀರಿಕೊಂಡಿದ್ದರು. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು, ಇಂಥ ಹೆಸರನ್ನಂತೂ ಕೇಳಲೇಬೇಡಿ, ನಾಲ್ಕಾರು ಕಾಗುಣಿತದಲ್ಲಿ ಹುಡುಕಿ.

ಆತ್ಮಕಥೆ ಸಿಕ್ಕರೆ ಕುಣಿಯುವ ಮೊದಲು ಯಾರು ಬರೆದದ್ದು ನೋಡಿ. ರೌಶೆನ್‌ಬುಷ್ ಶುರು ಮಾಡಿದ ಆತ್ಮಕಥೆಯನ್ನು ಮುಗಿಸಿದ್ದು ಮಗ ವಾಲ್ಟರ್, ಅದೇ ಸೆಮಿನರಿಯಲ್ಲಿ ಮುಂದೆ ಪಾಠ ಮಾಡಿದವರು. ಅಪ್ಪ ಅಮ್ಮನ ಸಂಸಾರ ಸುಖದ್ದಾಗಿರಲಿಲ್ಲ, ಅಂಥದ್ದನ್ನು ಮಗ ಅಚ್ಚಿಗೆ ಎಷ್ಟು ಬಿಡುತ್ತಾನೆ ಹೇಳಿ! ಅದಕ್ಕೇ ಪತ್ರಗಳು ಬೇಕು. ಈ ಕುಟುಂಬದ ಕಾಗದಪತ್ರ ಅಟ್ಲಾಂಟಾದ ಅಮೆರಿಕನ್ ಬ್ಯಾಪ್ಟಿಸ್ಟ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ಇಂಥ ಕಡೆ ಮೇಲ್ ಮಾಡುವಾಗ ಸುಮ್ನೆ ಹೆಸರು ಕೊಡಬೇಡಿ, ಊರು, ಸಭೆ, ವರ್ಷ ಮೂರೂ ಬರೆಯಿರಿ.