ತಿಮಿಂಗಿಲ ಮುಳುಗಿದ ಜಾಗ ನೋಡಬೇಡಿ, ಮುಂದೆ ನೋಡಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪೆಸಿಫಿಕಾ ಊರಿನ ಕಡಲಂಚಿನ ಗುಡ್ಡವಾದ ಮೋರಿ ಪಾಯಿಂಟ್‌ಗೆ ತಿಮಿಂಗಿಲ ನೋಡಲು ಹೋಗುವವರು ಮೊದಲೇ ಬೈನಾಕ್ಯುಲರ್ ಕಣ್ಣಿಗೆ ಹಿಡಿಯಬೇಡಿ. ಬರಿಗಣ್ಣಲ್ಲಿ ಸಮುದ್ರದ ಉದ್ದಕ್ಕೂ ನಿಧಾನವಾಗಿ ನೋಡುತ್ತಿರಿ. ಬೆಳ್ಳಗೆ, ಪೊದೆಯ ಹಾಗೆ ಹಬೆ ಚಿಮ್ಮಿ ಕ್ಷಣದಲ್ಲೇ ಕರಗಿದರೆ ಅದು ಬೂದು ತಿಮಿಂಗಿಲದ ಉಸಿರು. ಸಾಮಾನ್ಯವಾಗಿ ಮೂರರಿಂದ ಐದು ಸಲ ಹೀಗೆ ಉಸಿರು ಬಿಟ್ಟು, ಬಾಲ ಎತ್ತಿ ಮುಳುಗುತ್ತದೆ. ಎಲ್ಲರೂ ಅದೇ ಜಾಗವನ್ನೇ ನೋಡುತ್ತಾ ನಿಲ್ಲುತ್ತಾರೆ, ಅಲ್ವಾ? ನೀವು ಮಾತ್ರ ಬೈನಾಕ್ಯುಲರನ್ನು ಅದು ಹೋಗುವ ದಿಕ್ಕಿಗೆ ಸರಿಸಿ ಕಾಯಿರಿ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಜನವರಿಯಲ್ಲಿ ಎಡಕ್ಕೆ, ಮಾರ್ಚ್‌ನಲ್ಲಿ ಬಲಕ್ಕೆ. ಚಳಿಗಾಲದಲ್ಲಿ ಇವು ಅಲಾಸ್ಕಾ ಕಡೆಯಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾಗೆ ಇಳಿದು, ಆಮೇಲೆ ಅದೇ ದಾರಿಯಲ್ಲಿ ವಾಪಸ್ ಹೋಗುತ್ತವೆ. ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗ, ನೀರೊಳಗೆ ಮೂರು ನಾಲ್ಕು ನಿಮಿಷ. ಅಂದರೆ ಮತ್ತೆ ಏಳುವ ಹೊತ್ತಿಗೆ ಅರ್ಧ ಕಿಲೋಮೀಟರ್ ಹತ್ತಿರ ಮುಂದೆ ಹೋಗಿರುತ್ತದೆ. ಬೆಳಗ್ಗೆಯೇ ಹೋಗಿ, ಬಿಸಿಲು ಬೆನ್ನಿಗಿರುತ್ತದೆ. ಮಧ್ಯಾಹ್ನದ ಮೇಲೆ ನೀರಿನ ಹೊಳಪು ಕಣ್ಣಿಗೇ ಹೊಡೆಯುತ್ತದೆ. ಗಾಳಿ ಜಾಸ್ತಿಯಾಗಿ ಅಲೆಗಳ ತಲೆ ಬೆಳ್ಳಗಾದರೆ ಯಾವುದು ನೊರೆ, ಯಾವುದು ಉಸಿರು ಗೊತ್ತಾಗುವುದಿಲ್ಲ. ಮಂಜು ಕವಿದಿದ್ದರಂತೂ ಸುಮ್ನೆ ಹೋಗಬೇಡಿ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಬರುವ ತಾಯಿ-ಮರಿಗಳಿಗೂ ಈ ಲೆಕ್ಕ ಸರಿಹೋಗುವುದಿಲ್ಲ. ಅವು ನಿಧಾನವಾಗಿ, ದಡಕ್ಕೆ ತೀರಾ ಹತ್ತಿರ ಸಾಗುತ್ತವೆ. ಆಗ ದೂರ ಬಿಟ್ಟು ಅಲೆ ಒಡೆಯುವ ಜಾಗದ ಆಚೆಗೇ ನೋಡಿ, ಬೈನಾಕ್ಯುಲರ್ ಬೇಕಾಗದೆಯೂ ಇರಬಹುದು.