ಈಟ್ ಅನ್ನೋ ಒಂದು ಪದ: ಸುಝೌನಲ್ಲಿ ಇಂಗ್ಲಿಷ್ ಹೇಳ್ಕೊಟ್ಟ ನನ್ನ ಅನುಭವ

ಪಕ್ಕದ ಮನೆ ಹುಡುಗಿ ಜ್ವರ ಅಂತ ಒಂದಿನ ಬರ್ಲಿಲ್ಲ, ಮಾರನೇ ದಿನ ಬಂದು "ಐ ಏಟ್ ಮೆಡಿಸಿನ್, ನೌ ಗುಡ್" ಅಂದ್ಲು. ಏಟ್ ಅಲ್ಲಮ್ಮ, ಟುಕ್ ಮೆಡಿಸಿನ್ ಅನ್ಬೇಕು ಅಂತ ತಿದ್ದಿದೆ, ಪಾಪ ನೋಟ್‌ಬುಕ್ಕಲ್ಲಿ ಬರ್ಕೊಂಡ್ಲು. ಎರಡು ವಾರ ಆದ್ಮೇಲೆ ಮತ್ತೆ ಅದೇ ಏಟ್ ಮೆಡಿಸಿನ್. ಮೂರನೇ ಸಲ ಹೇಳಿದಾಗ ನಾನು ತಿದ್ದೋದು ಬಿಟ್ಟು, ಇವಳ ತಲೆ ಒಳಗೆ ಈಟ್ ಅನ್ನೋ ಪದದ ಹಿಂದೆ ಏನಿದೆ ಅಂತ ಹುಡುಕೋಕೆ ಶುರು ಮಾಡಿದೆ. ಆಮೇಲೆ ನಾನು ಕಲಿಸೋ ರೀತಿನೇ ಬದ್ಲಾಗೋಯ್ತು, ಅದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ.

ಹಿನ್ನೆಲೆ ಹೇಳ್ಬಿಡ್ತೀನಿ. 2017ರಿಂದ 2019ರವರೆಗೆ ನಾವು ಚೀನಾದ ಸುಝೌನಲ್ಲಿದ್ವಿ, ಯಜಮಾನ್ರ ಕೆಲಸ ಅಲ್ಲಿತ್ತು. ಶಾಂಘೈಯಿಂದ ಫಾಸ್ಟ್ ಟ್ರೈನಲ್ಲಿ ಅರ್ಧ ಗಂಟೆ, ಹಳೇ ಊರಲ್ಲಿ ಎಲ್ಲಿ ನೋಡಿದ್ರೂ ಕಾಲುವೆ, ಕಲ್ಲಿನ ಸೇತುವೆ, ಪೂರ್ವಕ್ಕೆ ಹೋದ್ರೆ 1994ರಲ್ಲಿ ಸಿಂಗಾಪುರದ ಜೊತೆ ಸೇರಿ ಶುರು ಮಾಡಿದ ದೊಡ್ಡ ಇಂಡಸ್ಟ್ರಿಯಲ್ ಪಾರ್ಕು, ನಮ್ಮ ಅಪಾರ್ಟ್‌ಮೆಂಟು ಆ ಕಡೆ. ನಾನು ತುಮಕೂರಲ್ಲಿ ಆರು ವರ್ಷ ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡಿದವಳು. ಅಲ್ಲಿ ನನಗೆ ಕೆಲಸ ಮಾಡೋ ವೀಸಾ ಇರ್ಲಿಲ್ಲ, ಹಂಗಾಗಿ ದುಡ್ಡಿನ ಮಾತೇ ಇಲ್ಲ, ನೀವು ನನಗೆ ಚೈನೀಸ್ ಹೇಳ್ಕೊಡಿ ನಾನು ನಿಮಗೆ ಇಂಗ್ಲಿಷ್ ಹೇಳ್ಕೊಡ್ತೀನಿ ಅಂತ ಕೊಟ್ಟು ತಗೊಳ್ಳೋ ವ್ಯವಹಾರ. ಮೂರು ಜನ ಬರೋರು. ಎಕ್ಸ್‌ಪೋರ್ಟ್ ಕಂಪನಿಲಿ ಅಕೌಂಟ್ಸ್ ನೋಡೋ ಈ ಹುಡುಗಿ, ಕಾಲೇಜು ಪ್ರವೇಶದ ಗಾವ್‌ಕಾವ್ ಪರೀಕ್ಷೆಗೆ ಓದ್ತಿದ್ದ ಒಬ್ಬ ಹುಡುಗ (ಆಗ ಆ ಪ್ರಾಂತ್ಯದಲ್ಲಿ ಒಟ್ಟು 480 ಮಾರ್ಕ್ಸಿಗೆ ಇಂಗ್ಲಿಷ್ ಒಂದೇ 120), ಆಮೇಲೆ ಶಾಲೆಲಿ ಚೈನೀಸ್ ಪಾಠ ಮಾಡಿ ರಿಟೈರ್ ಆಗಿದ್ದ ಒಬ್ಬ ಅಜ್ಜಿ.

ಚೈನೀಸಲ್ಲಿ ತಿನ್ನು ಅನ್ನೋದಕ್ಕೆ ಛಿ ಅಂತಾರೆ. ನಾಲಿಗೆ ಮೇಲಕ್ಕೆ ಮಡಚಿ ಹೇಳ್ಬೇಕು, ಆದ್ರೂ ನಮ್ಮ ಕಿವಿಗೆ ಯಾರೋ ಛೀ ಅಂದಂಗೇ ಕೇಳ್ಸುತ್ತೆ. ನಾನು ಅಲ್ಲಿ ಕಲಿತ ಮೊದಲ ವಾಕ್ಯನೇ ವೊ ಛಿ ಸು, ನಾನು ಸಸ್ಯಾಹಾರ ತಿಂತೀನಿ ಅಂತ. ಅದಿಲ್ದೆ ಹೋಟೆಲಿಗೆ ಕಾಲಿಡೋ ಹಂಗಿಲ್ಲ, ಸೊಪ್ಪಿನ ಪಲ್ಯಕ್ಕೂ ಒಂದು ಹಿಡಿ ಮಾಂಸದ ಚೂರು ಉದುರಿಸಿರ್ತಾರೆ. ಎರಡನೇದು ಛಿ ಲ ಮಾ, ಅಂದ್ರೆ ತಿಂದ್ಯಾ. ಲಿಫ್ಟಲ್ಲಿ ಸಿಕ್ಕಿದ ಅಜ್ಜಿ ಹಂಗಂದಾಗ ನನಗೆ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ಅದು ನಮ್ಮ "ಊಟ ಆಯ್ತಾ" ಅಷ್ಟೇ, ಒಂದು ಅಕ್ಷರ ಹೆಚ್ಚಿಲ್ಲ ಕಮ್ಮಿ ಇಲ್ಲ. ಉತ್ತರವಾಗಿ ಊಟದ ಲಿಸ್ಟ್ ಕೊಡ್ಬೇಕಿಲ್ಲ, ಆಯ್ತು ನಿಮ್ದು ಅಂದ್ರೆ ಮುಗೀತು. ಆದ್ರೆ ಇದೇ ಮಾತನ್ನ ಇಂಗ್ಲಿಷಲ್ಲಿ "ಹ್ಯಾವ್ ಯು ಈಟನ್" ಅಂತ ಅಮೆರಿಕದವರಿಗೆ ಕೇಳಿದ್ರೆ, ಎಲ್ಲೋ ಊಟಕ್ಕೆ ಕರೀತಿದಾರೆ ಅಂತ ಅವರು ತಿಳ್ಕೊತಾರೆ. ಈ ಹುಡುಗಿಗೆ ಆಫೀಸಲ್ಲಿ ಅದೇ ಆಗಿತ್ತಂತೆ, ಫಾರಿನ್ ಕಸ್ಟಮರ್ ಕೋಟ್ ಹಾಕ್ಕೊಂಡು ಹೊರಟೇಬಿಟ್ಟಿದ್ರು, ಇವಳು ಹೋಟೆಲಿಗೆ ಕರ್ಕೊಂಡು ಹೋಗ್ಬೇಕಾಯ್ತು.

ಮೊದಲು ನಾನು ಮಾಡಿದ್ದು ಎಲ್ಲಾ ಟೀಚರ್‌ಗಳು ಮಾಡೋದೇ. ಈಟ್ ಇರೋ ಇಡಿಯಮ್‌ಗಳು ಒಂದು ಮೂವತ್ತು ಹುಡುಕಿ, ಎದುರಿಗೆ ಚೈನೀಸ್ ಅರ್ಥ ಹಾಕಿ ಪ್ರಿಂಟ್ ತೆಗೆದು ಕೊಟ್ಟೆ. ಹುಡುಗ ಒಂದೇ ರಾತ್ರೀಲಿ ಬಾಯಿಪಾಠ ಮಾಡ್ಕೊಂಡು ಬಂದ, ಪರೀಕ್ಷೆ ಅಂದ್ರೆ ಮೂರೂವರೆ ಸಾವಿರ ಪದದ ಲಿಸ್ಟ್ ಹಿಡ್ಕೊಂಡು ಕೂರೋ ಮಕ್ಕಳು ಅವರು, ಮೂವತ್ತು ಯಾವ ಲೆಕ್ಕ. ಒಂದು ವಾರ ಬಿಟ್ಟು ಸೊಂತವಾಗಿ ಒಂದು ವಾಕ್ಯ ಮಾಡು ಅಂದ್ರೆ ಒಂದೂ ಬರ್ಲಿಲ್ಲ. ಆ ಕಾಗದ ಅಲ್ಲಿಗೇ ಬಿಟ್ಟೆ.

ಆಮೇಲೆ ಉಲ್ಟಾ ಕಡೆಯಿಂದ ಹೋದೆ. ನೀವು ಏನೇನು ತಿಂತೀರ, ಬಾಯಲ್ಲಿ ಅಗಿಯದೇ ಇರೋದು ಏನೇನು ತಿಂತೀರ ಹೇಳಿ ಅಂದೆ. ಅಜ್ಜಿ ಶುರು ಮಾಡಿದ್ರು ನೋಡಿ, ಎರಡು ಸಂಜೆ ಮುಗೀಲಿಲ್ಲ. ಛಿ ಖು, ಕಹಿ ತಿನ್ನೋದು, ಅಂದ್ರೆ ಕಷ್ಟ ಪಡೋದು. ಛಿ ಖ್ವೆಯ್, ನಷ್ಟ ತಿನ್ನೋದು, ಮೋಸ ಹೋಗೋದು. ಛಿ ಜಿಂಗ್, ಬೆಚ್ಚಿಬೀಳೋದು. ಕೋರ್ಟ್ ಕೇಸಾದ್ರೆ ಅದನ್ನೂ ತಿನ್ನೋದೇ. ಯಾರ ಮನೆಗಾದ್ರೂ ಹೋಗಿ ಒಳಗೆ ಬಿಡ್ದೆ ವಾಪಸ್ ಕಳ್ಸಿದ್ರೆ ಮುಚ್ಚಿದ ಬಾಗಿಲಿನ ಗಂಜಿ ತಿಂದೆ ಅಂತಾರೆ, ಎಷ್ಟು ಚೆನ್ನಾಗಿದೆ ನೋಡಿ. ಛಿ ತ್ಸು ಅಂದ್ರೆ ವಿನಿಗರ್ ತಿನ್ನೋದು, ಗಂಡ ಹೆಂಡತಿ ನಡುವಿನ ಹೊಟ್ಟೆಕಿಚ್ಚು. ಅದಕ್ಕೆ ಚೀನಾದ ಹಳೇ ಟಾಂಗ್ ವಂಶದ ದೊರೆ ತಾಯ್‌ಝೊಂಗ್ ಕಾಲದ ಕಥೆ ಹೇಳ್ತಾರೆ, ಮಂತ್ರಿಗೆ ದೊರೆ ಇನ್ನೊಂದು ಹೆಣ್ಣು ಕೊಡೋಕೆ ಹೋದಾಗ ಮಂತ್ರಿ ಹೆಂಡತಿ ಒಪ್ಪಲಿಲ್ಲ, ಹಂಗಾದ್ರೆ ಈ ವಿಷ ಕುಡಿ ಅಂತ ಬಟ್ಟಲು ಕೊಟ್ಟ, ಆಯಮ್ಮ ಗಟಗಟ ಕುಡಿದ್ಲು, ನೋಡಿದ್ರೆ ಅದು ವಿನಿಗರ್. ಸುಮ್ಮನೆ ದೂರ ನಿಂತು ಬೇರೆಯವರ ಜಗಳ ನೋಡೋರಿಗೆ ಕಲ್ಲಂಗಡಿ ತಿನ್ನೋ ಜನ ಅಂತಾರೆ, ಇದು ಇಂಟರ್ನೆಟ್ ಮಾತು, ಹುಡುಗ ಹೇಳಿದ್ದು. ನನ್ನ ಸಸ್ಯಾಹಾರಕ್ಕೂ ಒಂದಿತ್ತು: "ನಾನೇನು ಸೊಪ್ಪು ತಿನ್ನೋನಲ್ಲ" ಅಂದ್ರೆ ನನ್ನ ತಂಟೆಗೆ ಬರ್ಬೇಡ ಹುಷಾರ್ ಅಂತ!

ಇದನ್ನೆಲ್ಲ ಬರ್ಕೊಂಡು ರಾತ್ರಿ ಅಡುಗೆಮನೇಲಿ ನಿಂತಾಗ ನನಗೆ ತಟ್ಟನೆ ಹೊಳೀತು, ಇದು ನಮ್ಮ ಭಾಷೆನೇ. ನಾವೂ ಏಟು ತಿಂತೀವಿ, ಒದೆ ತಿಂತೀವಿ, ಪೆಟ್ಟು ತಿಂತೀವಿ. ನಮ್ಮಲ್ಲಿ ಲಂಚ ತಿನ್ನೋದು ಕಮಿಷನ್ ತಿನ್ನೋದು ಇದ್ದಂಗೆ ಅವರಲ್ಲಿ ಛಿ ಹುಯ್‌ಖೋ ಇದೆ, ಅಕ್ಷರಕ್ಕೆ ಅಕ್ಷರ ಕಮಿಷನ್ ತಿನ್ನೋದೇ. ಎರಡೂ ಭಾಷೇಲಿ ತಿನ್ನೋದು ಅಂದ್ರೆ ಮೈಮೇಲೆ ಬಿದ್ದಿದ್ದನ್ನ ಒಳಗೆ ತಗೊಳ್ಳೋದು, ಅನುಭವಿಸೋದು, ಅದು ದುಡ್ಡಾಗ್ಲಿ ಹೊಡೆತ ಆಗ್ಲಿ. ಕಷ್ಟ ಬಂದಾಗ ತಿನ್ನೋನು ಮನುಷ್ಯ.

ಇಂಗ್ಲಿಷಲ್ಲಿ ನೋಡಿ, ಬಹುಪಾಲು ಉಲ್ಟಾ. ಅಲ್ಲಿ ಕಷ್ಟನೇ ಬಂದು ಮನುಷ್ಯನ್ನ ತಿನ್ನುತ್ತೆ. ವಾಟ್ಸ್ ಈಟಿಂಗ್ ಯು ಅಂದ್ರೆ ನಿನ್ನ ಯಾವ ಚಿಂತೆ ಕೊರೀತಿದೆ ಅಂತ. ಬಾಡಿಗೆ ಸೇವಿಂಗ್ಸನ್ನ ತಿನ್ನುತ್ತೆ, ಈಟ್ ಇನ್‌ಟು. ಆ್ಯಸಿಡ್ ಲೋಹ ತಿನ್ನುತ್ತೆ, ಮೀಟಿಂಗು ಟೈಮ್ ತಿನ್ನುತ್ತೆ, ಅಸೂಯೆ ಒಳಗಿಂದ ತಿನ್ನುತ್ತೆ, ಈಟ್ ಅವೇ. ತಿಂದಷ್ಟೂ ಕರಗೋದು, ಕಮ್ಮಿ ಆಗೋದು. ಕನ್ನಡದಲ್ಲೂ ತುಕ್ಕು ತಿಂದ ಕಬ್ಬಿಣ ಇದೆ, ತಲೆ ತಿನ್ಬೇಡ ಇದೆ, ಹಂಗಾಗಿ ನಾವು ಎರಡು ಕಡೆನೂ ಅರ್ಧರ್ಧ ಕಾಲಿಟ್ಟಿರೋರು, ಅದ್ರಿಂದ್ಲೇ ನನಗೆ ಈ ವ್ಯತ್ಯಾಸ ಕಾಣಿಸ್ತು ಅನ್ಸುತ್ತೆ. ಮಾತ್ರೆಗೂ ನಾವು "ಮಾತ್ರೆ ತಗೊಂಡ್ಯಾ" ಅಂತೀವಿ, ಇಂಗ್ಲಿಷಿನ ಟೇಕ್ ಇದ್ದಂಗೆ. ಚೈನೀಸಲ್ಲಿ ಛಿ ಯಾವ್, ಔಷಧಿ ತಿನ್ನೋದು. ಹುಡುಗಿ ಮೂರು ಸಲ ತಪ್ಪಿದ್ದು ಅದಕ್ಕೇ, ನಾನು ತಪ್ಪದೇ ಇದ್ದಿದ್ದಕ್ಕೆ ಕಾರಣ ನನ್ನ ಬುದ್ಧಿ ಅಲ್ಲ, ಕನ್ನಡ.

ಮಾರನೇ ಕ್ಲಾಸಿಗೆ ಒಂದು ಎ4 ಹಾಳೆ ಮಧ್ಯ ಗೆರೆ ಎಳ್ದೆ. ಎಡಗಡೆ ಒಬ್ಬ ಮನುಷ್ಯ ಬಟ್ಟಲು ಹಿಡಿದಿರೋ ಚಿತ್ರ, ಬಲಗಡೆ ಒಂದು ಎಲೆ, ಅದನ್ನ ಕಂಬಳಿಹುಳ ಮೇಯ್ತಿರೋ ಚಿತ್ರ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ, ಬಟ್ಟಲಾ ಹುಳನಾ? ಬಟ್ಟಲಿನ ಕಡೆ ಬರೋದನ್ನ, ಅಂದ್ರೆ ಕಹಿ, ನಷ್ಟ, ಬೆಚ್ಚು, ಇವನ್ನ ಇಂಗ್ಲಿಷಿಗೆ ತಗೊಂಡು ಹೋಗುವಾಗ ಈಟ್ ಬಿಟ್ಟುಬಿಡಿ, ಟೇಕ್, ಸಫರ್, ಗೆಟ್, ಗೋ ಥ್ರೂ ಇವುಗಳಲ್ಲಿ ಒಂದನ್ನ ಹಾಕಿ. ಹುಳದ ಕಡೇದಕ್ಕೆ ಧೈರ್ಯವಾಗಿ ಈಟ್ ಹಾಕಿ. ಹುಡುಗ ತಕ್ಷಣ ಹೇಳಿದ, ಹಂಗಾದ್ರೆ ನಮ್ಮಲ್ಲೂ ಹುಳ ಇದೆ, ಸೂರ್ಯಗ್ರಹಣಕ್ಕೆ ರಿ ಶಿ ಅಂತೀವಿ, ಸೂರ್ಯನ್ನ ತಿನ್ನೋದು (ಶಿ ಅನ್ನೋದೂ ತಿನ್ನೋದಕ್ಕೆ ಹಳೇ ಪದ), ಆಕಾಶದ ನಾಯಿ ತಿನ್ನುತ್ತೆ ಅಂತ. ನಮ್ಮಲ್ಲಿ ರಾಹು ನುಂಗ್ತಾನೆ ಅಂದೆ. ಆ ಮಕ್ಕಳಿಗೆ ಒಂದು ಸಲ ಬೇರು ತೋರಿಸ್ಬಿಟ್ರೆ ಸಾಕು, ಕೊಂಬೆ ಅವರೇ ಹತ್ಕೊತಾರೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಈಟ್ ಯುವರ್ ವರ್ಡ್ಸ್. ಹುಡುಗಿ ಬರ್ಕೊಂಡು ಬಂದಿದ್ಲು, ಬಾಸ್ ಬೋನಸ್ ಕೊಡ್ತೀನಿ ಅಂದಿದ್ರು, ಬಟ್ ಹಿ ಏಟ್ ಹಿಸ್ ವರ್ಡ್ಸ್. ಗ್ರಾಮರ್ ಸರಿ, ಸ್ಪೆಲಿಂಗ್ ಸರಿ, ನಾನೂ ಟಿಕ್ ಹಾಕೋಕೆ ಹೋಗಿದ್ದೆ. ಆಮೇಲೆ ಅನ್ನಿಸ್ತು, ಬೋನಸ್ ಕೊಟ್ರಾ ಇಲ್ವಾ? ಕೇಳಿದ್ರೆ ಕೊಡ್ಲಿಲ್ಲ ಅಂದ್ಲು. ಚೈನೀಸಲ್ಲಿ ಶಿ ಯೆನ್, ಮಾತು ತಿನ್ನೋದು, ಅಂದ್ರೆ ಕೊಟ್ಟ ಮಾತಿಗೆ ತಪ್ಪೋದು. ಇಂಗ್ಲಿಷಲ್ಲಿ ಅದೇ ಮಾತು ತಿಂದ್ರೆ, ನಾನು ಹೇಳಿದ್ದು ತಪ್ಪಾಗಿತ್ತು ಅಂತ ಒಪ್ಕೊಳ್ಳೋದು. ಒಂದರಲ್ಲಿ ಮೋಸ, ಇನ್ನೊಂದರಲ್ಲಿ ತಪ್ಪೊಪ್ಪಿಗೆ, ಪದಗಳು ಮಾತ್ರ ಅವೇ. ಅಜ್ಜಿಗೆ ಇದು ಕೇಳಿ ಎಷ್ಟು ಖುಷಿ ಆಯ್ತು ಅಂದ್ರೆ ಟೀಚರ್ ಆಗಿದ್ದಾಗಿನ ದನಿ ಬಂದ್ಬಿಡ್ತು, ಎದ್ದು ನಿಂತು ಹಳೇ ಚೀನಾದ ಲು ಅನ್ನೋ ರಾಜ್ಯದ ದೊರೆ ಕಥೆ ಹೇಳಿದ್ರು, ಎರಡು ಸಾವಿರದ ನಾನೂರಕ್ಕೂ ಹೆಚ್ಚು ವರ್ಷ ಹಿಂದಿಂದು. ಔತಣದಲ್ಲಿ ಒಬ್ಬ ಮಂತ್ರಿ ಇನ್ನೊಬ್ಬನಿಗೆ ಏನಿಷ್ಟು ದಪ್ಪ ಆಗಿದೀಯ ಅಂತ ಚುಚ್ಚಿದಾಗ, ದೊರೆ ಮಧ್ಯ ಬಾಯಿ ಹಾಕಿ, ಅಷ್ಟೊಂದು ಮಾತು ತಿಂದಿದ್ರೆ ದಪ್ಪ ಆಗ್ದೆ ಇರ್ತಾರಾ ಅಂದನಂತೆ. ಚುಚ್ಚಿದ ಮಂತ್ರಿ ಮಾತಿಗೆ ತಪ್ಪೋನು, ದೊರೆ ಬಾಣ ಬಿಟ್ಟಿದ್ದು ಅವನಿಗೇ. ಇವತ್ತಿಗೂ ಮಾತು ತಿಂದು ದಪ್ಪ ಆದ ಅನ್ನೋ ಗಾದೆ ಅಲ್ಲಿಂದ ಬಂದಿದ್ದೇ.

ಈಟ್ ಹಂಬಲ್ ಪೈಗೆ, ಅಂದ್ರೆ ತಲೆ ತಗ್ಗಿಸಿ ತಪ್ಪು ಒಪ್ಕೊಳ್ಳೋದಕ್ಕೆ, ಅಷ್ಟು ಕಷ್ಟ ಆಗ್ಲಿಲ್ಲ. ಜಿಂಕೆಯ ಕರುಳು ಈಲಿ ಇಂಥವಕ್ಕೆ ಹಿಂದೆ ಇಂಗ್ಲಿಷಲ್ಲಿ ಅಂಬಲ್ಸ್ ಅಂತಿದ್ರು, ಅದರ ಪೈ ಬಡವರ ಊಟ ಅಂತಾರೆ, ಅಂಬಲ್ಸ್ ಹಂಬಲ್ ಎರಡೂ ಕೇಳೋಕೆ ಒಂದೇ ತರ ಇದ್ದು ಸೇರ್ಕೊಂಡ್ವು ಅಂತ ಹೇಳಿದೆ, ಕಥೆ ಇದ್ದ ಮೇಲೆ ಮರೆಯಲ್ಲ. ಕೇಕ್ ಇಟ್ಕೊಂಡೂ ತಿನ್ಬೇಕು ಅನ್ನೋದಕ್ಕೆ ಅಜ್ಜಿ ಹಳೇ ಕಾಲದ ಚೀನಾದ ತತ್ವಜ್ಞಾನಿ ಮೆನ್ಷಿಯಸ್ ಹೇಳಿದ ಮೀನು ಮತ್ತು ಕರಡಿ ಪಾದ ತಂದ್ರು, ಎರಡೂ ಒಟ್ಟಿಗೆ ಸಿಗಲ್ಲ ಅಂತ. ನಾನು ಅಕ್ಕಿ ಮೇಲೆ ಆಸೆ ನೆಂಟರ ಮೇಲೆ ಪ್ರೀತಿ ಅಂದೆ, ಅದನ್ನ ಅವರಿಗೆ ಬಿಡಿಸಿ ಹೇಳೋಕೆ ಕಾಲು ಗಂಟೆ ಹೋಯ್ತು, ಆದ್ರೆ ಹೇಳ್ದೆ ಇರೋಕೆ ಮನಸ್ಸು ಬರ್ಲಿಲ್ಲ. ಈಟ್ಸ್ ಲೈಕ್ ಎ ಬರ್ಡ್ ಅಂತೂ ಸುಲಭ, ಅವರಲ್ಲೂ ಪುಟ್ಟ ಹಕ್ಕಿ ಹೊಟ್ಟೆ ಅನ್ನೋ ಮಾತಿದೆ. ಸೂಪ್ ಒಂದು ಉಳೀತು. ಚೈನೀಸಲ್ಲಿ ಕುಡಿಯೋದು, ನಾವೂ ಸಾರು ಕುಡಿಯೋರೇ, ಇಂಗ್ಲಿಷಲ್ಲಿ ಚಮಚದಲ್ಲಿ ಆದ್ರೆ ಈಟ್ ಸೂಪ್, ಕಪ್ ಎತ್ತಿ ಕುಡಿದ್ರೆ ಡ್ರಿಂಕ್. ಇದಕ್ಕೆ ಹಾಳೆಲಿ ಜಾಗ ಇಲ್ಲ, ನೆನಪಿಟ್ಕೊಳ್ಳಿ ಅಷ್ಟೇ ಅಂದೆ.

ಚಳಿಗಾಲದಲ್ಲಿ ಒಂದು ಸಂಜೆ, ನಮ್ಮಪ್ಪನಿಗೆ ಹುಷಾರಿಲ್ಲ ಅಂತ ಊರಿಂದ ಫೋನ್ ಬಂದಿತ್ತು, ನಾನು ಯಾರಿಗೂ ಹೇಳಿರ್ಲಿಲ್ಲ, ಪಾಠ ಮಾಡ್ತಾನೇ ಇದ್ದೆ. ಅಜ್ಜಿ ಪೆನ್ನು ಕೆಳಗಿಟ್ಟು ಮುಖ ನೋಡಿ ನಿಧಾನಕ್ಕೆ, ಒಂದೊಂದೇ ಪದ ಎತ್ತಿಟ್ಟಂಗೆ, "ವಾಟ್ ಈಸ್ ಈಟಿಂಗ್ ಯು" ಅಂದ್ರು. ಅಷ್ಟು ದಿನದಲ್ಲಿ ಅವರು ತಪ್ಪಿಲ್ದೆ ಆಡಿದ ಮೊದಲ ಇಂಗ್ಲಿಷ್ ಮಾತು ಅದು. ಅವತ್ತು ಹಾಳೆ ಮಡಚಿಟ್ಟು ಅಪ್ಪನ ಬಗ್ಗೆ ಮಾತಾಡಿದ್ವಿ.

ವಾಪಸ್ ಬರೋ ವರ್ಷ ನನ್ನ ಗೆರೆ ಸ್ವಲ್ಪ ಅಳಿಸ್ಬೇಕಾಯ್ತು. ಹುಡುಗಿ ಓಡಿ ಬಂದು ಫೋನ್ ಮುಂದೆ ಹಿಡಿದ್ಲು, ಅಮೆರಿಕದ ಕಸ್ಟಮರ್ ಹತ್ರದಿಂದ ಬಂದ ಇ-ಮೇಲ್, ಕಂಟೇನರಲ್ಲಿ ಒದ್ದೆಯಾಗಿದ್ದ ಮಾಲಿನ ವಿಷಯ. ಅದ್ರಲ್ಲಿ ಒಂದು ಸಾಲು: ವಿ ವಿಲ್ ಈಟ್ ದ ಕಾಸ್ಟ್ ದಿಸ್ ಟೈಮ್. ಈ ಸಲ ನಷ್ಟ ನಾವೇ ಹೊತ್ಕೊತೀವಿ ಅಂತ. ನಾನು ಕಲಿಸಿರ್ಲಿಲ್ಲ, ನನ್ನ ಬಾಯಿಗೂ ಅದು ಬರ್ತಿರ್ಲಿಲ್ಲ, ಆದ್ರೆ ಅವಳಿಗೆ ಡಿಕ್ಷನರಿ ಬೇಕಾಗ್ಲಿಲ್ಲ, ಓದಿದ ಕ್ಷಣ ಇದು ಛಿ ಖ್ವೆಯ್ ಅಂತ ಗೊತ್ತಾಗೋಯ್ತಂತೆ. ನಷ್ಟಕ್ಕೆ ಈಟ್ ಬರಲ್ಲ ಅಂದಿದ್ರಲ್ಲಾ ಲಾವ್‌ಶಿ (ಟೀಚರ್‌ಗೆ ಹಂಗಂತಾರೆ) ಅಂತ ಕೇಳಿದ್ಲು. ಬರುತ್ತೆ, ಅಮೆರಿಕದ ವ್ಯಾಪಾರದವರ ಮಾತಲ್ಲಿ ಬರುತ್ತೆ, ಇದು ನೀನು ನನಗೆ ಕಲಿಸಿದ್ದು ಅಂದೆ. ಹಳೇ ಎ4 ಹಾಳೆ ತೆಗೆದು ಬಟ್ಟಲು ಹಿಡಿದ ಮನುಷ್ಯನ ಪಕ್ಕ ಅವಳ ಕೈಯಲ್ಲೇ ಬರೆಸಿದೆ, ಈಟ್ ದ ಕಾಸ್ಟ್. ಅವಳು ಅದರ ಕೆಳಗೆ ಚೈನೀಸಲ್ಲಿ ಬರೆದ್ಲು, ನಾನು ಕನ್ನಡದಲ್ಲಿ ಪೆಟ್ಟು ತಿನ್ನು ಅಂತ ಬರೆದೆ.